ಯಾರ ದನಿ ಇದು? ವನರಾಜ್ ಭಾಟಿಯಾ ಅವರ ಸಂಗೀತದ ಪ್ರೇರಣೆಗಳು

ಸಂಗೀತವನ್ನು ರಚಿಸುವವನಿಗೆ ಪ್ರೇರಣೆ ಎಲ್ಲಿಂದ ಒದಗುತ್ತದೆಂಬ ಪ್ರಶ್ನೆಗೆ ನಮ್ಮ ಪರಂಪರೆಯಲ್ಲಿ ಘನವಾದ ಉತ್ತರವೊಂದು ಬಹುಕಾಲದಿಂದ ಸಿದ್ಧವಾಗಿದೆ. ಮಾತು, ಧಾತು ಎರಡನ್ನೂ ತಾನೇ ನಿರ್ಮಿಸಬಲ್ಲ ವಾಗ್ಗೇಯಕಾರನಿಗೆ ಶಾರ್ಙ್ಗದೇವನ ‘ಸಂಗೀತರತ್ನಾಕರ’ ಅಗ್ರಸ್ಥಾನವನ್ನು ಕೊಟ್ಟಿದೆ. ಅಂಥವನ ಪ್ರೇರಣೆಯೆಂದರೆ ಇಷ್ಟದೈವದ ಸಾನ್ನಿಧ್ಯ, ಗುರುವಿನ ಅನುಗ್ರಹ, ರಾಗದ ಭಾವ ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ಪುರಂದರದಾಸರನ್ನೂ ತ್ಯಾಗರಾಜರನ್ನೂ ನೆನೆದಾಗ ಆ ಉತ್ತರ ಸಾಲದೆಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ನಡುವೆ ಬೇರೊಂದು ಬಗೆಯ ರಚನಕಾರನು ಕಾಣಿಸಿಕೊಂಡನು. ಅವನು ತಾನು ಹಾಡುವುದಿಲ್ಲ, ಪರರು ಹಾಡಲೆಂದು ಬರೆಯುತ್ತಾನೆ. ಒಂದು ಕಂಠಕ್ಕೆ ಬರೆಯುವುದಿಲ್ಲ, ನಲವತ್ತು ಕಂಠಗಳ ವೃಂದಕ್ಕೆ, ಪಿಟೀಲುಗಳೂ ಚೆಲ್ಲೋಗಳೂ ಕಹಳೆಗಳೂ ಸೇರಿದ ವಾದ್ಯಮೇಳಕ್ಕೆ ಬರೆಯುತ್ತಾನೆ. ಅಷ್ಟು ಸಾಲದೆಂಬಂತೆ, ಇಷ್ಟೇ ಸೆಕೆಂಡುಗಳೊಳಗೆ ಮುಗಿಯಬೇಕೆಂಬ ಕಟ್ಟಳೆಯುಳ್ಳ ದೂರದರ್ಶನ ಧಾರಾವಾಹಿಗೂ ಬರೆಯುತ್ತಾನೆ. ಇವನ ಪ್ರೇರಣೆ ಯಾವುದು? ಹಾಳೆಯ ಮೇಲೆ ಸ್ವರಗಳನ್ನು ಅಡಕಿ ಬರೆಯುವ ಪಾಶ್ಚಾತ್ಯ ವಿಧಾನವನ್ನು ಕಲಿತ ಭಾರತೀಯನೊಬ್ಬನು, ರಾಗವನ್ನು ಕೆಡಿಸದೆ, ಕಲಿತದ್ದನ್ನು ಬಿಡದೆ, ತನ್ನದೇ ಎನ್ನಬಹುದಾದ ಸಂಗೀತವನ್ನು ಯಾವ ಮೂಲದಿಂದ ತರಬಲ್ಲನು?

ಈ ಪ್ರಶ್ನೆಯನ್ನು ಒರೆಗೆ ಹಚ್ಚಿ ನೋಡಲು ವನರಾಜ್ ಭಾಟಿಯಾ ಅವರಿಗಿಂತ ತಕ್ಕ ನಿದರ್ಶನ ನಮ್ಮ ದೇಶದಲ್ಲಿ ದೊರೆಯುವುದು ಕಷ್ಟ. 1927ರಲ್ಲಿ ಮುಂಬಯಿಯ ಗುಜರಾತಿ ಕುಟುಂಬವೊಂದರಲ್ಲಿ ಜನಿಸಿ 2021ರ ಮೇ ತಿಂಗಳಲ್ಲಿ ಅದೇ ನಗರದಲ್ಲಿ ತೀರಿಕೊಂಡ ಇವರು ವೃಂದಗಾನ, ವಾದ್ಯಸಂಗೀತ, ಚಲನಚಿತ್ರ, ದೂರದರ್ಶನ, ಜಾಹೀರಾತು, ಒಪೆರಾ ಈ ಎಲ್ಲ ಕ್ಷೇತ್ರಗಳಲ್ಲಿಯೂ ದುಡಿದರು. ಬಹುಮಂದಿ ಓದುಗರಿಗೆ ಅವರ ಹೆಸರು ಪರಿಚಿತವಲ್ಲದಿರಬಹುದು; ಆದರೆ 1988ರ ದೂರದರ್ಶನವನ್ನು ಕಂಡ ಯಾರಿಗೇ ಆಗಲಿ, ಶ್ಯಾಮ್ ಬೆನೆಗಲ್ ನಿರ್ದೇಶಿಸಿದ ‘ಭಾರತ್ ಏಕ್ ಖೋಜ್’ ಮಾಲಿಕೆಯ ಆರಂಭದಲ್ಲಿ ಗಂಭೀರವಾಗಿ ಎದ್ದುಬರುತ್ತಿದ್ದ ಆ ಋಗ್ವೇದ ಸೂಕ್ತದ ಘೋಷ ಇನ್ನೂ ಕಿವಿಯಲ್ಲಿ ಉಳಿದಿದೆ. ಅದು ಅವರ ರಚನೆ. ಗಿರೀಶ ಕಾರ್ನಾಡರು ಕನ್ನಡದಲ್ಲಿ ಬರೆದ ‘ಅಗ್ನಿ ಮತ್ತು ಮಳೆ’ ನಾಟಕವನ್ನು ಆಧರಿಸಿ ಒಪೆರಾ ಒಂದನ್ನು ರಚಿಸಿದವರೂ ಅವರೇ.

ಭಾಟಿಯಾ ಅವರ ಪ್ರೇರಣೆಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಪೂರ್ವ ಪಶ್ಚಿಮಗಳ ಸಮನ್ವಯವೆಂಬ ಮಾತನ್ನು ಮುಂದಿಟ್ಟು ಅಲ್ಲಿಗೆ ನಿಲ್ಲುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಅದು ಏನನ್ನೂ ವಿವರಿಸುವುದಿಲ್ಲ. ಸಮನ್ವಯವೆಂಬುದು ಕೆಲಸ ಮುಗಿದ ಮೇಲೆ ನೋಡುಗನು ಕೊಡುವ ಹೆಸರು; ಹಾಳೆಯ ಮುಂದೆ ಕುಳಿತವನಿಗೆ ಮೊದಲ ಸ್ವರವನ್ನು ಬರೆಯಲು ಅದು ನೆರವಾಗದು. ಅವರ ರಚನೆಗಳನ್ನು ಒಟ್ಟಾಗಿ ಪರಿಶೀಲಿಸಿದರೆ ನನಗೆ ತೋರುವುದು ಹೀಗೆ: ಅವರ ಪ್ರತಿಯೊಂದು ಮುಖ್ಯ ಕೃತಿಯೂ ಒಂದು ಪ್ರಶ್ನೆಯಿಂದ ಹೊರಡುತ್ತದೆ. ಇಲ್ಲಿ ದನಿಯೆತ್ತಿರುವವರು ಯಾರು? ಒಬ್ಬ ವ್ಯಕ್ತಿಯೋ, ಒಂದು ಊರೋ, ಒಂದು ಕಾಲವೋ, ಸಮಸ್ತ ಮಾನವಕುಲವೋ? ಆ ಪ್ರಶ್ನೆಗೆ ದೊರೆತ ಉತ್ತರವೇ ಕೃತಿಯ ರೂಪವನ್ನು, ಕಂಠಗಳ ಸಂಖ್ಯೆಯನ್ನು, ವಾದ್ಯಗಳ ಆಯ್ಕೆಯನ್ನು ನಿರ್ಣಯಿಸುತ್ತದೆ. ಇದನ್ನು ಮನಗಾಣಲು ಮೊದಲು ಅವರ ಶಿಕ್ಷಣವನ್ನು ಸ್ವಲ್ಪ ನೋಡಬೇಕು.

ಬಾಲ್ಯದಲ್ಲಿ ಅವರು ಹಿಂದುಸ್ತಾನಿ ಸಂಗೀತವನ್ನು ಕಲಿತದ್ದು ಪ್ರೊಫೆಸರ್ ಬಿ. ಆರ್. ದೇವಧರರ ಶಾಲೆಯಲ್ಲಿ. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಪಾಶ್ಚಾತ್ಯ ಸಂಗೀತವನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದವರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕ ಶಿವಪುತ್ರಯ್ಯ ಕೊಂಕಾಳಿಮಠ, ಎಂದರೆ ನಮ್ಮ ಕುಮಾರ ಗಂಧರ್ವರು, ಗಾನಶಿಕ್ಷಣ ಪಡೆದದ್ದು ಇದೇ ಗುರುವಿನ ಬಳಿ. ಒಂದೇ ಗುರುವಿನ ನೆರಳಿನಿಂದ ಹೊರಟ ಇಬ್ಬರಲ್ಲಿ ಒಬ್ಬರು ಮಾಳವದ ಜಾನಪದದಲ್ಲಿ ರಾಗದ ಬೀಜವನ್ನು ಹುಡುಕಿದರು, ಇನ್ನೊಬ್ಬರು ಪ್ಯಾರಿಸ್ಸಿಗೆ ಹೋದರು. ಗುರು ಎಷ್ಟು ವಿಶಾಲಮನಸ್ಕನಾಗಿದ್ದಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಹದಿಹರೆಯದಲ್ಲಿ ಚೈಕೋವ್‌ಸ್ಕಿಯ ಪಿಯಾನೋ ಕನ್ಚರ್ಟೋವನ್ನು ಕೇಳಿ ಮನಸೋತ ಭಾಟಿಯಾ, ಪಿಯಾನೋ ಅಭ್ಯಾಸಕ್ಕೆ ತೊಡಗಿದರು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿ 1949ರಲ್ಲಿ ಎಂ.ಎ. ಪದವಿ ಪಡೆದರು; ಬಳಿಕ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಹೊವರ್ಡ್ ಫರ್ಗುಸನ್, ಅಲನ್ ಬುಷ್, ವಿಲಿಯಂ ಆಲ್ವಿನ್ ಇವರಲ್ಲಿ ಸಂಗೀತರಚನೆಯನ್ನು ಕಲಿತು 1954ರಲ್ಲಿ ಸ್ವರ್ಣಪದಕದೊಡನೆ ಹೊರಬಂದರು. ಆಲ್ವಿನ್ ಸಿಂಫನಿಗಳ ಕರ್ತೃವೂ ಹೌದು, ಬ್ರಿಟಿಷ್ ಚಲನಚಿತ್ರಗಳಿಗೆ ಬಹುವಾಗಿ ಸಂಗೀತ ಬರೆದವನೂ ಹೌದು. ಗಂಭೀರ ಸಂಗೀತಕ್ಕೂ ಚಿತ್ರಸಂಗೀತಕ್ಕೂ ನಡುವೆ ಮಡಿ ಮೈಲಿಗೆಯ ಗೆರೆಯನ್ನು ಎಳೆಯಬೇಕಾಗಿಲ್ಲವೆಂಬ ಪಾಠ ಅಂಥ ಗುರುವಿನಿಂದ ಶಿಷ್ಯನಿಗೆ ಮಾತಿಲ್ಲದೆಯೇ ಸಂದಿರಬಹುದು.

ಅಲ್ಲಿಂದ ಮುಂದೆ ಪ್ಯಾರಿಸ್, ನಾಡಿಯಾ ಬುಲಾಂಜೆ. ಇಪ್ಪತ್ತನೆಯ ಶತಮಾನದ ಸಂಗೀತದ ಇತಿಹಾಸದಲ್ಲಿ ಈ ಮಹಿಳೆಯಷ್ಟು ಮಂದಿ ರಚನಕಾರರನ್ನು ರೂಪಿಸಿದ ಗುರು ಇನ್ನೊಬ್ಬರಿಲ್ಲವೆಂದರೆ ಅದು ಉತ್ಪ್ರೇಕ್ಷೆಯಾಗದು. ಅಮೆರಿಕದ ಏರನ್ ಕೋಪ್ಲಂಡ್, ಅರ್ಜೆಂಟೀನದ ಆಸ್ಟರ್ ಪಿಯಾಜೋಲಾ, ಮುಂದೆ ಫಿಲಿಪ್ ಗ್ಲಾಸ್, ಇವರೆಲ್ಲರೂ ಆಕೆಯ ಶಿಷ್ಯರು. ಆಕೆ ಬೋಧಿಸುತ್ತಿದ್ದದ್ದು ನಿಷ್ಠುರವಾದ ಕೌಂಟರ್‌ಪಾಯಿಂಟ್ ಸಾಧನೆ: ಏಕಕಾಲದಲ್ಲಿ ನಡೆಯುವ ಎರಡು, ಮೂರು, ನಾಲ್ಕು ರಾಗಧಾರೆಗಳು ಒಂದನ್ನೊಂದು ತುಳಿಯದೆ, ಒಂದನ್ನೊಂದು ಮರೆಯದೆ ಸಾಗುವಂತೆ ಬರೆಯುವ ವಿದ್ಯೆ. ಆದರೆ ಶಿಷ್ಯರು ತನ್ನಂತೆ ಬರೆಯಬೇಕೆಂದು ಆಕೆ ಎಂದೂ ಬಯಸಲಿಲ್ಲ. ಪಾಂಡಿತ್ಯಪೂರ್ಣವಾದ ಸಿಂಫನಿಗಳನ್ನು ಹೊತ್ತು ಬಂದ ಪಿಯಾಜೋಲಾ ತನ್ನ ಊರಿನ ಟ್ಯಾಂಗೋವನ್ನು ಸಂಕೋಚದಿಂದ ನುಡಿಸಿ ತೋರಿಸಿದಾಗ, ಇದರಲ್ಲಿಯೇ ನೀನಿರುವೆ, ಇದನ್ನು ಬಿಡಬೇಡವೆಂದು ಆಕೆ ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಮುಂಬಯಿಯಿಂದ ಹೋದ ತರುಣನೂ ಇಂಥ ವಾತಾವರಣದಲ್ಲಿ ವರ್ಷಗಟ್ಟಲೆ ಪಳಗಿ 1959ರಲ್ಲಿ ಸ್ವದೇಶಕ್ಕೆ ಮರಳಿದನು. ಅವನ ಕೈಯಲ್ಲಿ ಯೂರೋಪಿನ ಅತ್ಯುತ್ತಮ ಶಿಕ್ಷಣವಿತ್ತು. ಅದನ್ನು ಪ್ರಯೋಗಿಸಲು ಮುಂದೆ ಏನಿತ್ತು?

ಪೂರ್ಣ ಶೂನ್ಯವೇನೂ ಇರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಮೆಹ್ಲಿ ಮೆಹತಾ ಅವರು 1935ರಲ್ಲಿಯೇ ಮುಂಬಯಿಯಲ್ಲಿ ಸಿಂಫನಿ ವಾದ್ಯವೃಂದವೊಂದನ್ನು ಕಟ್ಟಿದ್ದರು. ಹಿಟ್ಲರನ ಯೂರೋಪಿನಿಂದ ಪಾರಾಗಿ ಬಂದ ವಾಲ್ಟರ್ ಕೌಫ್‌ಮನ್ ಆಕಾಶವಾಣಿಯ ಮುಂಬಯಿ ನಿಲಯದಲ್ಲಿ ಕೆಲಸಮಾಡಿ, ಇಂದಿಗೂ ನಾವು ಕೇಳುವ ಆ ನಿಲಯಸಂಕೇತದ ಸ್ವರಗಳನ್ನು ಬಿಟ್ಟುಹೋಗಿದ್ದನು. ವಿಕ್ಟರ್ ಪರಂಜ್ಯೋತಿ ಮುಂಬಯಿಯಲ್ಲಿ ನುರಿತ ವೃಂದಗಾಯಕರ ತಂಡವನ್ನು ಸಿದ್ಧಪಡಿಸಿ, ಭಾರತೀಯ ಲಯದ ಬೆರಗನ್ನು ಕಂಠಗಳಿಂದಲೇ ಮೂಡಿಸುವ ‘ದ್ರವಿಡಿಯನ್ ಡಿತಿರಾಂಬ್’ ಎಂಬ ರಚನೆಯನ್ನು ಮಾಡಿದ್ದರು. ಸಲಿಲ್ ಚೌಧುರಿ ಜನತಾ ರಂಗಭೂಮಿಯ ಆಂದೋಲನದಿಂದ ವೃಂದಗಾನವನ್ನು ಎತ್ತಿಕೊಂಡು ಬಂದರು, ಮದರಾಸಿನಲ್ಲಿ ಎಂ. ಬಿ. ಶ್ರೀನಿವಾಸನ್ ಮುಂದೆ ಸಾವಿರಾರು ಶಾಲಾಬಾಲಕರ ಬಾಯಲ್ಲಿ ಹಲವು ಭಾಷೆಗಳ ಹಾಡುಗಳನ್ನು ಕೂಡಿಸಿದರು. ಈ ಎಲ್ಲ ಪ್ರಯತ್ನಗಳೂ ಆದರಣೀಯವಾದವು. ಆದರೂ ವೃಂದಗಾನವೆಂದರೆ ಎಲ್ಲರೂ ಕೂಡಿ ಒಂದೇ ಧಾಟಿಯನ್ನು ಹಾಡುವುದೆಂಬ ಕಲ್ಪನೆಯೇ ನಮ್ಮಲ್ಲಿ ಇಂದಿಗೂ ಬಲವಾಗಿದೆ. ನಮ್ಮ ಕನ್ನಡದ ಭಾವಗೀತೆಗಳ ಸಮೂಹಗಾನವೂ ಬಹುಪಾಲು ಹೀಗೆಯೇ. ಅದರಲ್ಲಿ ಉತ್ಸಾಹವಿದೆ, ಐಕ್ಯಭಾವವಿದೆ; ಒಂದು ಕಂಠ ಹೇಳಿದ್ದಕ್ಕೆ ಇನ್ನೊಂದು ಕಂಠ ಎದುರಾಡುವ, ಅನುಮೋದಿಸುವ, ಸಂದೇಹಿಸುವ ಸಾಧ್ಯತೆ ಮಾತ್ರ ಇಲ್ಲ.

ಪಾಶ್ಚಾತ್ಯ ವಾದ್ಯಮೇಳದ ಮಾತು ಕರ್ನಾಟಕಕ್ಕೆ ಹೊರತಾದದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡು ದಶಕಗಳ ಕಾಲ ಮೆರೆಯಿತು. ಜಯಚಾಮರಾಜ ಒಡೆಯರು ಶ್ರೀವಿದ್ಯೋಪಾಸನೆಯ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾಗಿದ್ದಂತೆಯೇ, ಲಂಡನ್ನಿನಲ್ಲಿ ಬಡತನದಿಂದ ಬಳಲುತ್ತಿದ್ದ ರಷ್ಯಾದ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಧನವನ್ನೊದಗಿಸಿದ ರಸಿಕರೂ ಆಗಿದ್ದರು; 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು; ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ ತಿಂಗಳಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಅವರ ಔದಾರ್ಯದಿಂದ. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಆದರೆ ಒಡೆಯರು ಈ ಎರಡು ಲೋಕಗಳನ್ನು ಬೇರೆ ಬೇರೆಯಾಗಿಯೇ ಇರಿಸಿದರು. ಅವರ ಕೃತಿಗಳಲ್ಲಿ ಮೆಟ್ನರನ ಸುಳಿವಿಲ್ಲ. ಅದು ಅವರ ಉಪಾಸನೆಗೆ ತಕ್ಕ ವಿವೇಕವೇ ಆಗಿತ್ತೆಂದು ನನ್ನ ಭಾವನೆ. ಎರಡನ್ನೂ ಒಂದೇ ಹಾಳೆಯ ಮೇಲೆ ತರಬೇಕಾದ ಅನಿವಾರ್ಯತೆ ಭಾಟಿಯಾ ಅವರಂಥವರ ಪಾಲಿಗೆ ಬಂತು.

ಮರಳಿ ಬಂದವರಿಗೆ ಮೊದಲು ದೊರೆತ ಕೆಲಸ ಜಾಹೀರಾತಿನದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 1960ರಿಂದ ಐದು ವರ್ಷ ಪಾಶ್ಚಾತ್ಯ ಸಂಗೀತಶಾಸ್ತ್ರದ ರೀಡರ್ ಆಗಿದ್ದದ್ದನ್ನು ಬಿಟ್ಟರೆ, ಅವರ ಬದುಕನ್ನು ಬಹುಕಾಲ ಪೋಷಿಸಿದ್ದು ಈ ಕೆಲಸವೇ. ಏಳು ಸಾವಿರಕ್ಕೂ ಮಿಕ್ಕ ಜಿಂಗಲ್‌ಗಳನ್ನು ಅವರು ಬರೆದರೆಂದು ಪ್ರತೀತಿ. ಜಲಪಾತದ ಕೆಳಗೆ ನಲಿಯುವ ಹುಡುಗಿಯನ್ನು ತೋರಿಸಿದ ಲಿರಿಲ್ ಸಾಬೂನಿನ ಚಿತ್ರಕ್ಕೆ ಅವರು ಕೊಟ್ಟ, ಮಾತಿಲ್ಲದ, ಕೇವಲ ಸ್ವರಾಕ್ಷರಗಳ ಆಲಾಪ ದೇಶದ ಮೂಲೆಮೂಲೆಗೆ ಮುಟ್ಟಿತು. ಬುಲಾಂಜೆಯ ಶಿಷ್ಯನು ಸಾಬೂನಿಗೆ ಹಾಡು ಕಟ್ಟಬೇಕಾಯಿತೆಂದು ಮರುಗುವವರಿದ್ದಾರೆ. ಆ ಮರುಕದಲ್ಲಿ ಅರ್ಧ ನ್ಯಾಯವಿದೆ. ಆ ದಶಕಗಳಲ್ಲಿ ಹುಟ್ಟಬೇಕಾಗಿದ್ದ ಎಷ್ಟು ಸಿಂಫನಿಗಳು ಹುಟ್ಟಲಿಲ್ಲವೋ! ಆದರೆ ಇನ್ನರ್ಧ ಸತ್ಯವನ್ನೂ ಗಮನಿಸಬೇಕು: ಅರ್ಧ ನಿಮಿಷದೊಳಗೆ ಒಂದು ಭಾವವನ್ನು ಸ್ಥಾಪಿಸಿ, ಬೆಳೆಸಿ, ಮುಗಿಸುವ ಶಿಸ್ತು ಮುಂದೆ ದೂರದರ್ಶನಕ್ಕೆ ಬರೆಯುವಾಗ ಅವರಿಗೆ ಸಹಜವಾಗಿತ್ತು. ಧಾರಾವಾಹಿಯ ಶೀರ್ಷಿಕಾಗೀತೆಯೆಂಬುದು ವಾರವಾರವೂ ಕೇಳಿಬರುವಂಥದು. ಮೊದಲ ಸಲವೇ ಮನಸ್ಸನ್ನು ಹಿಡಿಯಬೇಕು, ಐವತ್ತನೆಯ ಸಲವೂ ಬೇಸರ ತರಬಾರದು.

ಚಲನಚಿತ್ರದಲ್ಲಿ ಅವರ ಪ್ರವೇಶ 1974ರ ‘ಅಂಕುರ್’ ಚಿತ್ರದಿಂದ. ಆಮೇಲೆ ಬೆನೆಗಲ್ ಅವರೊಡನೆ ನಡೆದ ದೀರ್ಘ ಸಹಯೋಗದಲ್ಲಿ, ನಾನು ಮೇಲೆ ಹೇಳಿದ ಪ್ರಶ್ನೆ, ಯಾರ ದನಿ ಇದು ಎಂಬ ಪ್ರಶ್ನೆ, ಪ್ರತಿ ಚಿತ್ರದಲ್ಲೂ ಹೊಸದಾಗಿ ಎದುರಾದದ್ದನ್ನು ಕಾಣಬಹುದು. 1976ರ ‘ಮಂಥನ್’ ಚಿತ್ರವನ್ನು ನೋಡಿ: ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ ನಿರ್ಮಿಸಿದ, ಗಿರೀಶ ಕಾರ್ನಾಡರು ಪಶುವೈದ್ಯನ ಪಾತ್ರ ವಹಿಸಿದ ಆ ಚಿತ್ರದಲ್ಲಿ ದನಿಯಾಗಬೇಕಾದದ್ದು ಊರು. ಪ್ರೀತಿ ಸಾಗರ್ ಹಾಡಿದ ಅದರ ಗೀತೆ ಕಾಠಿಯಾವಾಡದ ಸೀಮೆಯಿಂದಲೇ ಎದ್ದು ಬಂದಂತಿದೆ. ಅದನ್ನು ಕೇಳಿದವನಿಗೆ ಇದರ ಕರ್ತೃ ಲಂಡನ್ ಪ್ಯಾರಿಸ್‌ಗಳಲ್ಲಿ ವರ್ಷಗಳನ್ನು ಕಳೆದವನೆಂಬ ಗುಮಾನಿಯೂ ಹುಟ್ಟುವುದಿಲ್ಲ. ‘ಭೂಮಿಕಾ’ದಲ್ಲಿ ದನಿಯಾಗಬೇಕಾದದ್ದು ಕಾಲ. ಮರಾಠಿ ನಟಿ ಹಂಸಾ ವಾಡಕರ್ ಅವರ ಆತ್ಮಕಥೆಯನ್ನು ಆಧರಿಸಿದ ಆ ಚಿತ್ರಕ್ಕೆ ಹಳೆಯ ಹಿಂದಿ ಸಿನಿಮಾಗಳ ಹಾಡುಗಳನ್ನೇ ಹೋಲುವ ಹೊಸ ಹಾಡುಗಳನ್ನು, ಆಯಾ ಕಾಲದ ವಾದ್ಯಗಳ ಬಣ್ಣವೂ ಹಾಡುವ ವರಸೆಯೂ ತಪ್ಪದಂತೆ ಅವರು ಕಟ್ಟಿದರು. ಅಪರ್ಣಾ ಸೇನ್ ಅವರ ‘36 ಚೌರಂಗಿ ಲೇನ್’ ಚಿತ್ರದಲ್ಲಿ ಕಲ್ಕತ್ತೆಯ ಒಂಟಿ ಆಂಗ್ಲೋ ಇಂಡಿಯನ್ ಶಿಕ್ಷಕಿಯ ಬಾಳಿಗೆ ಪಾಶ್ಚಾತ್ಯ ಸಂಗೀತವೇ ಸ್ವಭಾಷೆ. ಅಲ್ಲಿ ಅವರು ಭಾರತೀಯತೆಯನ್ನು ಬಲವಂತವಾಗಿ ತುರುಕಲಿಲ್ಲ. ‘ಸರ್ದಾರಿ ಬೇಗಂ’ ಚಿತ್ರಕ್ಕೆ ಠುಮ್ರಿಯ ಲೋಕವೇ ಬೇಕಾದಾಗ ಆ ಲೋಕದ ಮರ್ಯಾದೆಯನ್ನು ಅರಿತು ನಡೆದರು. ಅದರಲ್ಲಿ ಹಾಡಿದ ಆರತಿ ಅಂಕಲೀಕರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಇಷ್ಟು ಭಿನ್ನ ಶೈಲಿಗಳಲ್ಲಿ ಬರೆಯಬಲ್ಲವನಿಗೆ ತನ್ನದೆಂಬ ಶೈಲಿ ಇಲ್ಲವೆಂದು ಆಕ್ಷೇಪಿಸುವವರುಂಟು. ನಾಟಕಕಾರನಿಗೆ ಇದೇ ಆಕ್ಷೇಪವನ್ನು ಯಾರೂ ಮಾಡುವುದಿಲ್ಲ. ಪಾತ್ರಗಳು ತಮ್ಮ ತಮ್ಮ ಮಾತನ್ನಾಡುವುದೇ ಅವನ ಹಿರಿಮೆಯೆಂದು ಹೊಗಳುತ್ತೇವೆ. ಭಾಟಿಯಾ ಅವರದು ನಾಟಕಕಾರನ ಪ್ರತಿಭೆ.

ದೂರದರ್ಶನಕ್ಕೆ ಬರೋಣ. 1988ನೆಯ ವರ್ಷ ಈ ದೃಷ್ಟಿಯಿಂದ ಅಸಾಧಾರಣವಾದದ್ದು. ಆ ವರ್ಷದ ಆರಂಭದಲ್ಲಿ ಗೋವಿಂದ್ ನಿಹಲಾನಿ ಅವರ ‘ತಮಸ್’ ಪ್ರಸಾರವಾಯಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ‘ಭಾರತ್ ಏಕ್ ಖೋಜ್’ ಮೊದಲಾಯಿತು. ಭೀಷ್ಮ ಸಾಹನಿಯವರ ಕಾದಂಬರಿಯನ್ನು ಆಧರಿಸಿದ ‘ತಮಸ್’ ದೇಶವಿಭಜನೆಯ ಕಾಲದ ಹಿಂಸೆಯ ಕಥೆ. ಅಂಥ ಕಥೆಗೆ ಸಂಗೀತವೆಂಬುದೇ ಒಂದು ಅಪಾಯ. ಶೋಕವನ್ನು ಸುಂದರವಾಗಿಸಿಬಿಟ್ಟರೆ ಅದು ಸತ್ತವರಿಗೆ ಮಾಡಿದ ಅಪಚಾರವಾಗುತ್ತದೆ. ಭಾಟಿಯಾ ಅಲ್ಲಿ ಆರಿಸಿಕೊಂಡದ್ದು ಹಾಡನ್ನಲ್ಲ, ದೇವರನ್ನು ಕೂಗಿ ಕರೆಯುವ ಮಾನವಕಂಠದ ಆಕ್ರಂದನವನ್ನು. ಆ ದನಿ ಯಾವ ಮತದವರದೆಂದು ಕೇಳುಗನು ನಿರ್ಣಯಿಸಲಾರನು. ನಿರ್ಣಯಿಸಬೇಕೆಂಬ ಬಯಕೆಯೇ ಅದರ ಮುಂದೆ ನಾಚಿ ಸುಮ್ಮನಾಗುತ್ತದೆ. ಆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತೆಂಬುದು ಯೋಗ್ಯವಾದ ಸಂಗತಿ.

‘ಭಾರತ್ ಏಕ್ ಖೋಜ್’ ಇದಕ್ಕೆ ಪ್ರತಿಧ್ರುವ. ನೆಹರೂ ಅವರ ಗ್ರಂಥವನ್ನು ಹಿಡಿದು 53 ಕಂತುಗಳಲ್ಲಿ ಐದು ಸಾವಿರ ವರ್ಷಗಳ ಚರಿತ್ರೆಯನ್ನು ಹೇಳಹೊರಟ ಆ ಮಾಲಿಕೆಗೆ ಆರಂಭವಾಗಿ ಆಯ್ದುಕೊಂಡದ್ದು ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತ, ನಾಸದೀಯ ಸೂಕ್ತ. ತ್ರಿಷ್ಟುಪ್ ಛಂದಸ್ಸಿನ ಏಳೇ ಋಕ್ಕುಗಳು. ಸೃಷ್ಟಿಗೆ ಮುನ್ನ ಏನಿತ್ತೆಂದು ಕೇಳುತ್ತ ಹೊರಟ ಆ ಋಷಿ, ಕಟ್ಟಕಡೆಗೆ ಇದನ್ನೆಲ್ಲ ಮೇಲಿನಿಂದ ನೋಡುತ್ತಿರುವವನಿಗಾದರೂ ಇದರ ಮರ್ಮ ತಿಳಿದಿದೆಯೋ ಇಲ್ಲವೋ ಎಂಬ ಸಂದೇಹದಲ್ಲಿ ನಿಲ್ಲುತ್ತಾನೆ. ಸಂದೇಹದಲ್ಲಿ ಮುಗಿಯುವ ಇಂಥ ಸೂಕ್ತ ಪ್ರಪಂಚದ ಪ್ರಾಚೀನ ಧರ್ಮಗ್ರಂಥಗಳಲ್ಲಿಯೇ ವಿರಳ. ಭಾಟಿಯಾ ಅದನ್ನು ಮೊದಲು ಸಂಸ್ಕೃತದಲ್ಲಿಯೂ ಅನಂತರ ವಸಂತ ದೇವ್ ಅವರ ಹಿಂದಿ ಅನುವಾದದಲ್ಲಿಯೂ ವೃಂದಕಂಠಗಳಿಂದ ಹಾಡಿಸಿದರು. ಕಂತಿನ ಕೊನೆಗೆ ಅದೇ ಮಂಡಲದ ಹಿರಣ್ಯಗರ್ಭ ಸೂಕ್ತವನ್ನಿಟ್ಟರು.

ಈ ರಚನೆಯ ಮುಂದೆ ತುಸು ನಿಲ್ಲಬೇಕು, ಏಕೆಂದರೆ ನಮ್ಮ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ವೇದಘೋಷಕ್ಕೆ ಉದಾತ್ತ, ಅನುದಾತ್ತ, ಸ್ವರಿತವೆಂಬ ಮೂರು ಸ್ವರಭೇದಗಳುಂಟು. ಪದಪಾಠ, ಕ್ರಮಪಾಠ, ಜಟೆ, ಘನ ಮುಂತಾದ ಪಾಠಕ್ರಮಗಳಿಂದ ಅದನ್ನು ಅಕ್ಷರವೂ ತಪ್ಪದಂತೆ ಕಾಪಾಡಿಕೊಂಡು ಬಂದಿದ್ದಾರೆ. ಇಷ್ಟು ಕಟ್ಟುನಿಟ್ಟಾಗಿ ರಕ್ಷಿತವಾದದ್ದನ್ನು ಆಧುನಿಕ ರಚನಕಾರನು ಮುಟ್ಟಬಹುದೇ? ಮುಟ್ಟಿ ಅದಕ್ಕೆ ಹಾರ್ಮನಿಯ ವೇಷವನ್ನು ತೊಡಿಸಬಹುದೇ? ಸಂಪ್ರದಾಯಸ್ಥರ ಈ ಆತಂಕವನ್ನು ನಾನು ಲಘುವಾಗಿ ಕಾಣಲಾರೆ. ಆದರೆ ಭಾಟಿಯಾ ವೇದಪಾಠವನ್ನು ಅನುಕರಿಸಲೂ ಇಲ್ಲ, ಅದನ್ನು ಸಿಂಗರಿಸಲೂ ಇಲ್ಲ. ಘೋಷದ ಮುಖ್ಯ ಲಕ್ಷಣವಾದ ಕಿರಿದಾದ ಸ್ವರವ್ಯಾಪ್ತಿಯನ್ನೂ, ಒಂದು ಸ್ವರದ ಸುತ್ತ ಮತ್ತೆ ಮತ್ತೆ ಸುಳಿಯುವ ಗತಿಯನ್ನೂ, ಅಕ್ಷರಕ್ಕೆ ಅಕ್ಷರ ಹೆಜ್ಜೆಯಿಡುವ ಗಾಂಭೀರ್ಯವನ್ನೂ ಉಳಿಸಿಕೊಂಡು, ಅದರ ಹಿಂದೆ ಕತ್ತಲೆಯಂತೆ ಹರಡಿದ ಮಂದ್ರನಾದವನ್ನು ಇಟ್ಟರು. ಅಲಂಕಾರಕ್ಕಾಗಿ ಒಂದು ಗಮಕವಿಲ್ಲ, ರಂಜನೆಗಾಗಿ ಒಂದು ತಿರುವಿಲ್ಲ.

ಇನ್ನೂ ಮುಖ್ಯವಾದದ್ದು ಕಂಠಗಳ ಮಾತು. ಈ ಸೂಕ್ತವನ್ನು ಒಬ್ಬ ಗಾಯಕನಿಂದ, ಎಷ್ಟೇ ಶ್ರೇಷ್ಠನಾದವನಿಂದ ಹಾಡಿಸಿದ್ದರೂ ಅದು ಒಬ್ಬ ಭಕ್ತನ ಅಥವಾ ಒಬ್ಬ ದಾರ್ಶನಿಕನ ಉದ್ಗಾರವಾಗಿಬಿಡುತ್ತಿತ್ತು. ಆದರೆ ನಾಸದೀಯದಲ್ಲಿ ‘ನಾನು’ ಎಂಬುವನಿಲ್ಲ. ಅಲ್ಲಿ ಕೇಳುತ್ತಿರುವುದು ಮನುಷ್ಯಜಾತಿ. ಆದ್ದರಿಂದ ಅಲ್ಲಿ ವೃಂದವೆಂಬುದು ಅಲಂಕಾರವಲ್ಲ, ಅರ್ಥದ ಅವಶ್ಯಕತೆ. ಪಾಶ್ಚಾತ್ಯ ವೃಂದಗಾನದ ಶಿಕ್ಷಣ ಭಾಟಿಯಾ ಅವರಿಗೆ ನೆರವಾದದ್ದು ಇಂಥ ಸ್ಥಳದಲ್ಲಿ: ಗುಂಪಿನ ಕಂಠಕ್ಕೆ ತನ್ನದೇ ಆದ ವ್ಯಕ್ತಿತ್ವವಿದೆ, ಅದು ಒಂಟಿ ಕಂಠದ ನಲವತ್ತು ಪ್ರತಿಗಳಲ್ಲ ಎಂಬ ಅರಿವು ಅವರಿಗೆ ಅಲ್ಲಿಂದ ಬಂತು. ಹಾಡಬೇಕಾದ ವಸ್ತು ಮಾತ್ರ ಇಲ್ಲಿಯದು. ಪೂರ್ವ ಪಶ್ಚಿಮಗಳನ್ನು ಅಳೆದು ಬೆರೆಸಿದ ಪಾಕವೇನೂ ಇದಲ್ಲ. ಪಠ್ಯ ಕೇಳಿದ್ದನ್ನು ಕೊಡಲು ತನಗೆ ತಿಳಿದ ವಿದ್ಯೆಯನ್ನೆಲ್ಲ ವಿನಯದಿಂದ ಒಪ್ಪಿಸಿದ ಕಾರ್ಯ. ಐವತ್ತಮೂರು ಕಂತುಗಳ ಉದ್ದಕ್ಕೂ ಹಿನ್ನೆಲೆ ಸಂಗೀತ ಇದೇ ಎತ್ತರದಲ್ಲಿ ನಿಂತಿತೆಂದು ನಾನು ಹೇಳಲಾರೆ. ವಾರಕ್ಕೊಂದು ಕಂತನ್ನು ಒದಗಿಸಬೇಕಾದ ಒತ್ತಡದಲ್ಲಿ ಹಾಗೆ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಶೀರ್ಷಿಕೆಯ ಆ ಕೆಲವು ನಿಮಿಷಗಳು ಭಾರತೀಯ ವೃಂದಸಂಗೀತದ ಉತ್ತುಂಗ ಕ್ಷಣಗಳಲ್ಲಿ ಸೇರತಕ್ಕವು.

ಇಲ್ಲೊಂದು ವಿಚಿತ್ರವಾದ ಸಂಗತಿಯನ್ನು ಗಮನಿಸಬೇಕು. ವೃಂದಗಾನಕ್ಕೆ ಬೇಕಾದ ಸಭಾಂಗಣಗಳು, ಖಾಯಂ ಗಾಯಕವೃಂದಗಳು, ಸಂಬಳ ಪಡೆಯುವ ವಾದ್ಯವೃಂದಗಳು ಯೂರೋಪಿನಲ್ಲಿ ಶತಮಾನಗಳ ರಾಜಾಶ್ರಯದಿಂದಲೂ ಚರ್ಚುಗಳ ಆಶ್ರಯದಿಂದಲೂ ಬೆಳೆದುಬಂದವು. ನಮ್ಮಲ್ಲಿ ಅಂಥ ಆಶ್ರಯ ಈ ಬಗೆಯ ಸಂಗೀತಕ್ಕೆ ದೊರೆಯಲಿಲ್ಲ. ಮುಂಬಯಿಯಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಸ್ಥಾಪಿತವಾದದ್ದು 2006ರಲ್ಲಿ. ಆ ಹೊತ್ತಿಗೆ ಭಾಟಿಯಾ ಅವರಿಗೆ ಎಂಬತ್ತರ ಅಂಚು. ಹಾಗಾಗಿ ಸಭಾಂಗಣ ಕೊಡಲಾರದ ಶ್ರೋತೃಸಮುದಾಯವನ್ನು ಸರ್ಕಾರದ ದೂರದರ್ಶನ ಕೊಟ್ಟಿತು. ಜಗತ್ತಿನ ಬೇರೆಡೆ ದೂರದರ್ಶನದ ಸಂಗೀತವೆಂದರೆ ಗಂಭೀರ ರಚನಕಾರನ ಉಪವೃತ್ತಿ. ನಮ್ಮ ಸಂದರ್ಭದಲ್ಲಿ ಅದೇ ಅವನ ಮುಖ್ಯ ವೇದಿಕೆಯಾಯಿತು. ದೂರದರ್ಶನದ ಇತಿಹಾಸವನ್ನು ಬರೆಯುವವರು ಈ ಉಪಕಾರವನ್ನು ಮರೆಯಬಾರದು.

ಶುದ್ಧ ಸಭಾಸಂಗೀತಕ್ಕೆಂದು ಅವರು ಬರೆದದ್ದು ಪ್ರಮಾಣದಲ್ಲಿ ಕಡಿಮೆ, ಗುಣದಲ್ಲಿ ಅಲ್ಲ. 1988ರ ‘ಸಿಕ್ಸ್ ಸೀಸನ್ಸ್’ ಎಂಬ ಗೀತಗುಚ್ಛ, 1999ರ ಪಿಯಾನೋ ಕೃತಿ ‘ಫ್ಯಾಂಟೇಸಿಯಾ ಅಂಡ್ ಫ್ಯೂಗ್’, 2001ರಲ್ಲಿ ತಂತಿವಾದ್ಯಗಳಿಗೆಂದು ಬರೆದ ‘ಸಿನ್ಫೋನಿಯಾ ಕನ್ಚರ್ಟಾಂಟೆ’ ಇವು ಆಗಾಗ ವೇದಿಕೆಯನ್ನು ಕಂಡಿವೆ. ಋತುಗಳು ನಾಲ್ಕೆಂದು ವಿವಾಲ್ಡಿ ಎಣಿಸಿದ ಕಡೆ ಈತ ಆರೆಂದು ಎಣಿಸಿದ್ದು ಕೇವಲ ಪಂಚಾಂಗದ ಮಾತಲ್ಲ. ವರ್ಷಾ, ಶರತ್ತು, ಹೇಮಂತಗಳನ್ನು ಬೇರೆ ಬೇರೆಯಾಗಿ ಅನುಭವಿಸಿದ ಮನಸ್ಸಿಗೆ ಮಾತ್ರ ಅಂಥ ಗುಚ್ಛದ ಕಲ್ಪನೆ ಬರುತ್ತದೆ. ಚೆಲ್ಲೋ ವಾದ್ಯಕ್ಕೆ ಬರೆದ ‘ರೆವೆರಿ’ಯನ್ನು ಯೋ ಯೋ ಮಾ 2019ರ ಜನವರಿಯಲ್ಲಿ ಮುಂಬಯಿಯಲ್ಲಿ ನುಡಿಸಿದನು. ಅದೇ ವರ್ಷ, ತೊಂಬತ್ತು ದಾಟಿದ ಆ ವೃದ್ಧ ಹಣದ ಅಡಚಣೆಯಲ್ಲಿದ್ದಾರೆಂಬ ವಾರ್ತೆ ಪತ್ರಿಕೆಗಳಲ್ಲಿ ಬಂತು. ಸಂಗೀತ ನಾಟಕ ಅಕಾಡೆಮಿಯ ಗೌರವವನ್ನೂ ಪದ್ಮಶ್ರೀಯನ್ನೂ ಪಡೆದವರ ಮುಪ್ಪು ಹಾಗಾಗಬಾರದಿತ್ತು. ಈ ಮಾತನ್ನು ಬರೆಯುವಾಗ ಮನಸ್ಸು ನೋಯುತ್ತದೆ.

ಅವರ ಕೊನೆಯ ದೊಡ್ಡ ಆಸೆ ‘ಅಗ್ನಿವರ್ಷ’ ಒಪೆರಾ. ಕಾರ್ನಾಡರು ಮಹಾಭಾರತದ ವನಪರ್ವದಿಂದ ಯವಕ್ರೀತನ ಕಥೆಯನ್ನು ಎತ್ತಿಕೊಂಡು, ಬರದಿಂದ ಬೆಂದ ನೆಲದಲ್ಲಿ ಇಂದ್ರನನ್ನು ಒಲಿಸಲು ಏಳು ವರ್ಷ ನಡೆಯುವ ಯಜ್ಞದ ಸುತ್ತ ನಾಟಕವನ್ನು ಕಟ್ಟಿದರು. ಅದರಲ್ಲಿ ಅಧ್ವರ್ಯುವಾದ ಪರಾವಸುವಿದ್ದಾನೆ, ನಟನಾಗಬಯಸುವ ಅರ್ವಸುವಿದ್ದಾನೆ, ಅವನನ್ನು ಪ್ರೀತಿಸುವ ಬೇಡರ ಹುಡುಗಿ ನಿತ್ತಿಲೆ ಇದ್ದಾಳೆ, ಮುಕ್ತಿಗಾಗಿ ಹಾತೊರೆಯುವ ಬ್ರಹ್ಮರಾಕ್ಷಸನಿದ್ದಾನೆ. ಇದನ್ನು ಓದಿದ ಯಾವ ಸಂಗೀತಗಾರನಿಗೂ ಇದು ಒಪೆರಾಗೆ ಹೇಳಿಮಾಡಿಸಿದ ವಸ್ತುವೆಂದು ತೋರದಿರದು. ಒಂದು ಕಡೆ ಋತ್ವಿಜರ ವೃಂದ, ಇನ್ನೊಂದು ಕಡೆ ಬೇಡರ ವೃಂದ. ಶಾಸ್ತ್ರದ ಸ್ವರವೊಂದು, ಕಾಡಿನ ಸ್ವರವೊಂದು. ನಾಟಕದೊಳಗೆ ಇಂದ್ರ, ವಿಶ್ವರೂಪ, ವೃತ್ರರ ಇನ್ನೊಂದು ನಾಟಕ. ನಿತ್ತಿಲೆಯನ್ನು ಮರಳಿ ಪಡೆಯುವುದೋ, ಬ್ರಹ್ಮರಾಕ್ಷಸನಿಗೆ ಬಿಡುಗಡೆ ಬೇಡುವುದೋ ಎಂದು ಅರ್ವಸು ತೂಗುವ ಗಳಿಗೆಯಲ್ಲಿ ಹಲವು ದನಿಗಳು ಏಕಕಾಲದಲ್ಲಿ ಹಲವು ಬೇಡಿಕೆಗಳನ್ನಿಡುತ್ತವೆ. ಮಾತಿನ ನಾಟಕದಲ್ಲಿ ಅವು ಒಂದಾದ ಮೇಲೊಂದರಂತೆ ಬರಬೇಕು. ಒಟ್ಟಿಗೆ ಮಾತನಾಡಿದರೆ ಗದ್ದಲವಾಗುತ್ತದೆ. ಸಂಗೀತದಲ್ಲಿ ಮಾತ್ರ ಅವು ಒಟ್ಟಿಗೆ ನಿಲ್ಲಬಲ್ಲವು. ಬುಲಾಂಜೆಯ ಬಳಿ ಕಲಿತ ಕೌಂಟರ್‌ಪಾಯಿಂಟ್ ವಿದ್ಯೆಯ ಕೆಲಸವೇ ಅದು. ಯಾರ ದನಿ ಇದೆಂಬ ಪ್ರಶ್ನೆಗೆ ಈ ನಾಟಕ ಕೊಡುವ ಉತ್ತರ, ಎಲ್ಲರದೂ, ಮತ್ತು ಅವು ಒಪ್ಪಲಾರವು ಎಂಬುದು. ಜೀವಮಾನದ ಕೊನೆಯ ಘಟ್ಟದಲ್ಲಿ ಭಾಟಿಯಾ ಈ ವಸ್ತುವಿಗೆ ಮನಸೋತದ್ದು ಆಶ್ಚರ್ಯವಲ್ಲ.

ಒಪೆರಾದ ಮೊದಲ ಎರಡು ಅಂಕಗಳು 2012ರಲ್ಲಿ ನ್ಯೂಯಾರ್ಕಿನಲ್ಲಿ ಸೊಪ್ರಾನೊ ಗಾಯಕಿ ಜುಡಿತ್ ಕೆಲಾಕ್ ಅವರ ಶ್ರಮದಿಂದ ರಂಗವೇರಿದವು. ಕನ್ನಡದಲ್ಲಿ ಹುಟ್ಟಿದ ನಾಟಕ, ಮುಂಬಯಿಯ ಸಂಗೀತಗಾರನ ಸ್ವರಗಳಲ್ಲಿ, ಅಟ್ಲಾಂಟಿಕ್ಕಿನ ಆಚೆಯ ದಡದಲ್ಲಿ ಮೊದಲು ಕೇಳಿಬಂತು. ಈ ಕೃತಿಯನ್ನು ಕನ್ನಡ ನಾಡಿನ ರಂಗದ ಮೇಲೆ ತರುವುದು ಕೈಲಾಗದ ಕಾರ್ಯವಲ್ಲ. ಮೈಸೂರಿನ ರಂಗಾಯಣ, ಹೆಗ್ಗೋಡಿನ ನೀನಾಸಂ ಇಲ್ಲಿ ಪಳಗಿದ ನಟರಿಗೆ ಕಾರ್ನಾಡರ ರಂಗಭಾಷೆ ಹೊಸದಲ್ಲ. ಬೆಂಗಳೂರಿನ ಚರ್ಚುಗಳ ಗಾಯಕವೃಂದಗಳಲ್ಲಿಯೂ, 1987ರಿಂದ ನಡೆಯುತ್ತಿರುವ ಬ್ಯಾಂಗಲೋರ್ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿಯೂ ಸ್ವರಲಿಪಿಯನ್ನು ಓದಿ ಹಾಡಬಲ್ಲವರಿದ್ದಾರೆ. ಪೂರ್ಣ ವಾದ್ಯವೃಂದ ಒದಗದಿದ್ದರೆ ಮೊದಲು ಪಿಯಾನೋ ಸಂಗಡವೇ ಹಾಡಿಸಬಹುದು, ಒಪೆರಾ ತಾಲೀಮುಗಳು ಎಲ್ಲೆಡೆ ನಡೆಯುವುದೂ ಹಾಗೆಯೇ. ಋತ್ವಿಜರ ವೃಂದಕ್ಕೂ ಬೇಡರ ವೃಂದಕ್ಕೂ ಬೇರೆ ಬೇರೆ ಹಿನ್ನೆಲೆಯ ಗಾಯಕರನ್ನು, ಒಂದಕ್ಕೆ ಶಾಸ್ತ್ರೀಯ ಕಂಠಗಳನ್ನು, ಇನ್ನೊಂದಕ್ಕೆ ಜನಪದ ಕಂಠಗಳನ್ನು ಆರಿಸುವ ಅವಕಾಶ ನ್ಯೂಯಾರ್ಕಿಗಿಂತ ಇಲ್ಲಿ ಹೆಚ್ಚಾಗಿಯೇ ಇದೆ. ಸ್ವರಲಿಪಿಯನ್ನು ತರಿಸಿ, ಮೊದಲ ಅಂಕದ ವೃಂದಭಾಗಗಳಿಂದ ತಾಲೀಮನ್ನು ಆರಂಭಿಸಬಹುದು.